ನಿಮ್ಮ ಅಂಗಳದ ನಡುಹಗಲು ಎಷ್ಟು ಗಂಟೆಗೆ?

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಅದರಲ್ಲಿ ಮೊದಲ ಹತ್ತು ವರ್ಷ, ಮಧ್ಯಾಹ್ನ ಹನ್ನೆರಡಕ್ಕೆ ನೆರಳು ಎಲ್ಲಕ್ಕಿಂತ ಗಿಡ್ಡವಾಗಿರುತ್ತದೆ ಎಂದು ಕಲಿಸುತ್ತಿದ್ದೆ. ಒಂದು ಫೆಬ್ರುವರಿಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಧ್ವಜಸ್ತಂಭದ ನೆರಳನ್ನು ದಾರ ಹಿಡಿದು ಅಳೆದು, ಅಳತೆಗೊಂದು ಗಂಟು ಹಾಕಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತ. ಹನ್ನೆರಡರ ಗಂಟಿಗಿಂತ ಹನ್ನೆರಡೂ ಮುಕ್ಕಾಲರ ಗಂಟು ಒಂದು ಗೇಣಿಗೂ ಹೆಚ್ಚು ಹಿಂದಿತ್ತು. ನಾನೇ ಹೋಗಿ ಮರುದಿನ ಅಳೆದೆ. ಹುಡುಗ ಹೇಳಿದ್ದೇ ಸರಿ.

ಮನೆಯಲ್ಲಿ ಇದು ಗೊತ್ತಿದ್ದ ಒಬ್ಬರು ಇದ್ದರು. ನಮ್ಮ ಆಯಿ ಗೋಡೆ ಗಡಿಯಾರ ನೋಡಿ ಅನ್ನಕ್ಕೆ ಇಟ್ಟವಳಲ್ಲ. ಸೂರಿನ ನೆರಳು ತುಳಸಿಕಟ್ಟೆಯ ಮೆಟ್ಟಿಲು ಬಿಟ್ಟು ಹಿಂದೆ ಸರಿದರೆ ಅಕ್ಕಿ ತೊಳೆಯುತ್ತಿದ್ದಳು. ರೇಡಿಯೋದ ಹನ್ನೆರಡಕ್ಕೂ ಆಯಿಯ ನಡುಹಗಲಿಗೂ ಅರ್ಧ ಗಂಟೆಯ ಅಂತರ ಇದ್ದೇ ಇರುತ್ತಿತ್ತು. ಅದನ್ನು ನಾವು ಮಕ್ಕಳು ಆಯಿಯ ಲೆಕ್ಕದ ಸಡಿಲ ಎಂದುಕೊಂಡಿದ್ದೆವು.

ನಿಮ್ಮ ಊರಿನ ನಿಜವಾದ ನಡುಹಗಲು ಯಾವಾಗ ಎಂಬುದನ್ನು ಒಂದು ಕೋಲು, ಒಂದು ದಾರ, ಒಂದು ದಿನದ ಬಿಸಿಲಿನಿಂದ ನೀವೇ ಕಂಡುಕೊಳ್ಳಬಹುದು. ಹೇಗೆಂದು ಇಲ್ಲಿ ಬರೆಯುತ್ತೇನೆ. ನಾನಿರುವುದು ಶಿರಸಿಯ ಹತ್ತಿರದ ಹಳ್ಳಿಯಲ್ಲಿ, ಹಾಗಾಗಿ ಲೆಕ್ಕಗಳೆಲ್ಲ ಶಿರಸಿಯವು. ನಿಮ್ಮ ಊರಿಗೆ ಬದಲಾಯಿಸಿಕೊಳ್ಳುವ ಬಗೆಯನ್ನೂ ಹೇಳುತ್ತೇನೆ.

ಮೊದಲು ಜಾಗ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಮರದ ನೆರಳು ಬೀಳದ ಕಡೆ ಬೇಕು. ಸಗಣಿ ಸಾರಿಸಿದ ಅಂಗಳ ನೋಡಲು ಚೆಂದ, ಆದರೆ ಮಟ್ಟವಾಗಿರುವುದಿಲ್ಲ. ಸಿಮೆಂಟಿನ ಅಂಗಳ ಅಥವಾ ತಾರಸಿ ಒಳ್ಳೆಯದು. ಒಂದು ಚೊಂಬು ನೀರು ಸುರಿದು ನೋಡಿ. ಎಲ್ಲ ಕಡೆಗೂ ಒಂದೇ ಸಮ ಹರಡಿಕೊಂಡರೆ ಸರಿ, ಒಂದು ಕಡೆಗೇ ಓಡಿದರೆ ಬೇರೆ ಜಾಗ ಹುಡುಕಿ. ನಮ್ಮಲ್ಲಿ ಅಡಿಕೆ ಒಣಗಿಸುವ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ದಿನಗಳು ಇದಕ್ಕೆ ಹೇಳಿ ಮಾಡಿಸಿದಂಥವು, ಏಕೆಂದರೆ ಮೋಡ ಇರುವುದಿಲ್ಲ.

ನೆಲದಲ್ಲಿ ಒಂದು ಚುಕ್ಕೆ ಇಟ್ಟು, ದಾರಕ್ಕೆ ಸೀಮೆಸುಣ್ಣ ಕಟ್ಟಿ, ಅದೇ ಚುಕ್ಕೆಯ ಸುತ್ತ ಮೂರು ವೃತ್ತ ಎಳೆಯಿರಿ: 50, 60 ಮತ್ತು 75 ಸೆಂಟಿಮೀಟರ್ ತ್ರಿಜ್ಯದವು. ಒಂದೇ ಸಾಲದೇ ಎಂದು ಕೇಳಬಹುದು. ಒಂದು ತುಣುಕು ಮೋಡ ಸರಿಯಾದ ಹೊತ್ತಿಗೇ ಅಡ್ಡ ಬಂದರೆ ಇಡೀ ದಿನ ಹಾಳಾಗುತ್ತದೆ. ಮೂರಿದ್ದರೆ ಒಂದಾದರೂ ಉಳಿಯುತ್ತದೆ. ಚುಕ್ಕೆಯ ಮೇಲೆ ನೇರವಾದ ಕಬ್ಬಿಣದ ಸರಳನ್ನು ಮರದ ತುಂಡಿಗೆ ಸಿಕ್ಕಿಸಿ ನಿಲ್ಲಿಸಿ. ಅಡಿಕೆ ದಬ್ಬೆಯ ಸೀಳು ಬೇಡ. ನಾನು ಮೊದಲು ಅದನ್ನೇ ನಿಲ್ಲಿಸಿದ್ದೆ, ಬಿಸಿಲಿಗೆ ಮೂರೇ ದಿನದಲ್ಲಿ ಬಾಗಿತು. ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ಎರಡು ಬದಿಯಿಂದ ನೋಡಿ, ಸರಳು ನೆಟ್ಟಗೆ ನಿಂತಿದೆಯೇ ಎಂದು ಪರೀಕ್ಷಿಸಿ. ಇಲ್ಲಿ ಅವಸರ ಮಾಡಬೇಡಿ. ಸರಳು ಕೂದಲೆಳೆಯಷ್ಟು ವಾಲಿದರೂ ನೆರಳು ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಸರಳಿನ ತುದಿಯ ವಿಷಯ ಬೇರೆಯಾಗಿಯೇ ಹೇಳಬೇಕು. ತುದಿಯನ್ನು ಚೂಪು ಮಾಡಿದರೆ ನೆರಳಿನ ಕೊನೆ ಸ್ಪಷ್ಟವಾಗಿ ಕಾಣುತ್ತದೆ ಎಂದು ಯಾರಿಗೂ ಅನ್ನಿಸುವುದು ಸಹಜ. ಆಗುವುದು ಅದಕ್ಕೆ ವಿರುದ್ಧ. ಸೂರ್ಯ ನಮಗೆ ಚುಕ್ಕೆಯಾಗಿ ಕಾಣುವುದಿಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆಯಾಗಿ ಕಾಣುತ್ತದೆ. ಅದರ ಒಂದು ಅಂಚಿನ ಬೆಳಕು ಒಂದು ಕಡೆ, ಇನ್ನೊಂದು ಅಂಚಿನ ಬೆಳಕು ಇನ್ನೊಂದು ಕಡೆ ಬೀಳುವುದರಿಂದ ಒಂದು ಮೀಟರ್ ದೂರದಲ್ಲಿ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಮಸುಕಾಗುತ್ತದೆ. ಚೂಪು ತುದಿ ಆ ಮಸುಕಿನಲ್ಲೇ ಕರಗಿ ಹೋಗುತ್ತದೆ. ನಾನು ಮಾಡಿದ ಉಪಾಯ ಇಷ್ಟೇ: ಸುಲಿದ ಗೋಟಡಿಕೆಯೊಂದಕ್ಕೆ ತೂತು ಕೊರೆದು ಸರಳಿನ ತಲೆಗೆ ಸಿಕ್ಕಿಸಿದೆ. ನೆಲದ ಮೇಲೆ ಮೊಟ್ಟೆಯಾಕಾರದ ಪುಟ್ಟ ನೆರಳು ಬೀಳುತ್ತದೆ. ಅಂಚು ಎಷ್ಟೇ ಮಸುಕಾಗಿರಲಿ, ಅದರ ನಡು ಎಲ್ಲಿ ಎಂದು ಕಣ್ಣು ತಪ್ಪಿಲ್ಲದೆ ಗುರುತಿಸುತ್ತದೆ. ನೆಲದಿಂದ ಅಡಿಕೆಯ ನಡುವಿಗೆ 60 ಸೆಂಟಿಮೀಟರ್ ಇರುವಂತೆ ನೋಡಿಕೊಳ್ಳಿ. ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತದಲ್ಲಿ ಶಂಕುವಿನ, ಅಂದರೆ ನೆರಳು ಅಳೆಯುವ ಕೋಲಿನ, ಎತ್ತರ ಹನ್ನೆರಡು ಅಂಗುಲ; ನಾನು ಐದು ಸೆಂಟಿಮೀಟರನ್ನು ಒಂದು ಅಂಗುಲವಾಗಿ ಇಟ್ಟುಕೊಂಡೆ. ಇದರ ಉಪಯೋಗ ಮುಂದೆ ಬರುತ್ತದೆ.

ಈಗ ಕಾಯುವ ಕೆಲಸ. ಬೆಳಿಗ್ಗೆ ನೆರಳು ಉದ್ದವಿದ್ದು ವೃತ್ತಗಳ ಹೊರಗಿರುತ್ತದೆ. ಬಿಸಿಲೇರಿದಂತೆ ಒಳಗೆ ಬರುತ್ತದೆ. ಅಡಿಕೆಯ ನೆರಳಿನ ನಡು ಒಂದೊಂದು ವೃತ್ತವನ್ನು ದಾಟುವಾಗಲೂ ಆ ಜಾಗಕ್ಕೆ ಗುರುತು ಹಾಕಿ, ಮೊಬೈಲ್ ನೋಡಿ ಗಂಟೆ ಬರೆದುಕೊಳ್ಳಿ. ಮಧ್ಯಾಹ್ನದ ಮೇಲೆ ಅದೇ ನೆರಳು ಒಳಗಿನಿಂದ ಹೊರಗೆ ಹೋಗುವಾಗಲೂ ಹಾಗೆಯೇ ಮಾಡಿ. ಫೆಬ್ರುವರಿ 11ರಂದು ನನ್ನ 60 ಸೆಂಟಿಮೀಟರಿನ ವೃತ್ತದಲ್ಲಿ ಸಿಕ್ಕಿದ್ದು ಹೀಗೆ: ಬೆಳಿಗ್ಗೆ 10 ಗಂಟೆ 24 ನಿಮಿಷ, ಮಧ್ಯಾಹ್ನ 3 ಗಂಟೆ 6 ನಿಮಿಷ. ಎರಡರ ನಟ್ಟನಡುವೆ 12 ಗಂಟೆ 45 ನಿಮಿಷ. ಅದೇ ಆ ದಿನದ ನಡುಹಗಲು, ಅಂದು ಆ ಹುಡುಗ ದಾರಕ್ಕೆ ಗಂಟು ಹಾಕಿದ್ದ ಹೊತ್ತು.

ಅದೇ ಎರಡು ಗುರುತುಗಳನ್ನು ನೇರ ಗೆರೆಯಿಂದ ಸೇರಿಸಿದರೆ ಪೂರ್ವ–ಪಶ್ಚಿಮ ಸಿಗುತ್ತದೆ; ಬೆಳಗಿನ ಗುರುತು ಪಶ್ಚಿಮ, ಸಂಜೆಯ ಕಡೆಯದು ಪೂರ್ವ. ಯಜ್ಞವೇದಿಗೆ ದಿಕ್ಕು ಹಿಡಿಯಲು ಕಾತ್ಯಾಯನ ಶುಲ್ಬಸೂತ್ರ ಹೇಳುವ ಕ್ರಮ ಇದೇ. ಆ ಗೆರೆಯ ನಡುಬಿಂದುವಿನಿಂದ ಸರಳಿನ ಬುಡಕ್ಕೆ ಎಳೆದ ಗೆರೆ ಉತ್ತರ–ದಕ್ಷಿಣ. ಇದನ್ನು ಬಣ್ಣದಲ್ಲಿ ಗಟ್ಟಿಯಾಗಿ ಎಳೆದು, ಸರಳಿನ ಎರಡೂ ಕಡೆಗೆ ಬೆಳೆಸಿ. ನಡುಹಗಲಿನ ನೆರಳು ಯಾವಾಗಲೂ ಉತ್ತರಕ್ಕೆ ಬೀಳುತ್ತದೆ ಎಂದು ಬರೆದಿರುವುದನ್ನು ನೋಡಿದ್ದೇನೆ. ಅದು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕೆ ಇರುವವರಿಗೆ ಸರಿ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೆಯ ವಾರದವರೆಗೆ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇನ್ನು ಮೇಲೆ ವೃತ್ತ ಬೇಕಿಲ್ಲ. ಅಡಿಕೆಯ ನೆರಳು ಈ ಗೆರೆಯ ಮೇಲೆ ಬಂದ ಕ್ಷಣ ನಿಮ್ಮ ಅಂಗಳದಲ್ಲಿ ನಡುಹಗಲು.

ಹಾಗಾದರೆ ಮೊಬೈಲಿನ ಹನ್ನೆರಡು ಎಲ್ಲಿಯ ಹನ್ನೆರಡು? ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿಕೊಂಡಿವೆ. ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ಗೆರೆ ಅದು. 1906ರ ಜನವರಿ 1ರಿಂದ ಈ ವ್ಯವಸ್ಥೆ ಬಂತು. ಮುಂಬೈ ನಗರವಂತೂ ಅದಕ್ಕಿಂತ 39 ನಿಮಿಷ ಹಿಂದಿನ ತನ್ನದೇ ಹೊತ್ತನ್ನು 1955ರ ಸುಮಾರಿನವರೆಗೂ ಬಿಟ್ಟುಕೊಟ್ಟಿರಲಿಲ್ಲ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದ್ದರಿಂದ ಮೊಬೈಲಿನ ನಕ್ಷೆಯಲ್ಲಿ ನಿಮ್ಮ ಊರಿನ ರೇಖಾಂಶ ನೋಡಿ, ಅದನ್ನು 82.5ರಿಂದ ಕಳೆದು, ನಾಲ್ಕರಿಂದ ಗುಣಿಸಿ. ಶಿರಸಿ 74.84, ಉಳಿಯುವುದು 7.66, ಸುಮಾರು 31 ನಿಮಿಷ. ಬೆಂಗಳೂರಿಗೆ 20 ನಿಮಿಷ, ಮೈಸೂರಿಗೆ 23, ಮಂಗಳೂರಿಗೆ 31. ಕೋಲಾರದಲ್ಲಿ ನಡುಹಗಲಾಗಿ ಹದಿನಾರು ನಿಮಿಷ ಕಳೆದ ಮೇಲೆ ಕಾರವಾರದಲ್ಲಿ ಆಗುತ್ತದೆ. ಒಂದೇ ರಾಜ್ಯದೊಳಗೆ ಇಷ್ಟು ಅಂತರ ಇರುವಾಗ ಊರೂರಿಗೂ ಬೇರೆ ಗಡಿಯಾರ ಇಟ್ಟುಕೊಂಡರೆ ರೈಲು ಓಡಿಸಲಾಗದು. ಒಂದೇ ಹೊತ್ತಿಗೆ ಎಲ್ಲರೂ ಒಪ್ಪಿಕೊಂಡದ್ದು ಸರಿಯಾದ ಕೆಲಸವೇ. ಆದರೆ ಅದು ಒಪ್ಪಂದ ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು.

ಶಿರಸಿಗೆ 31 ನಿಮಿಷವಾದರೆ ಫೆಬ್ರುವರಿಯಲ್ಲಿ ನನಗೆ ಸಿಕ್ಕಿದ್ದು 45 ಏಕೆ? ಈ ಹದಿನಾಲ್ಕು ನಿಮಿಷದ ಮೇಲೆ ನಾನು ಎಷ್ಟೋ ದಿನ ಕುಳಿತಿದ್ದೆ. ಇದಕ್ಕೆ ಎರಡು ಕಾರಣ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಜನವರಿ ಮೊದಲ ವಾರ ಸೂರ್ಯನಿಗೆ ಹತ್ತಿರ ಇದ್ದು ಬೇಗ ಓಡುತ್ತದೆ, ಜುಲೈಯಲ್ಲಿ ದೂರ ಇದ್ದು ನಿಧಾನಿಸುತ್ತದೆ. ಜೊತೆಗೆ ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ. ಇವೆರಡರಿಂದಾಗಿ ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ ಸರಿಯಾಗಿ 24 ಗಂಟೆ ಇರುವುದಿಲ್ಲ. ಕೆಲವು ಸೆಕೆಂಡು ಹೆಚ್ಚು, ಕೆಲವು ಸೆಕೆಂಡು ಕಡಿಮೆ. ಆ ಸೆಕೆಂಡುಗಳು ದಿನದಿನವೂ ಕೂಡಿಕೊಂಡು ಫೆಬ್ರುವರಿ 11ರ ಸುಮಾರಿಗೆ ಸೂರ್ಯ 14 ನಿಮಿಷ ತಡವಾಗುತ್ತಾನೆ, ನವೆಂಬರ್ 3ರ ಸುಮಾರಿಗೆ 16 ನಿಮಿಷ ಮುಂಚಿತವಾಗುತ್ತಾನೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಆಸುಪಾಸಿನಲ್ಲಿ ವ್ಯತ್ಯಾಸ ಸೊನ್ನೆ. ಹೀಗಾಗಿ ಶಿರಸಿಯ ನಡುಹಗಲು ವರ್ಷದಲ್ಲಿ 12.14ರಿಂದ 12.45ರವರೆಗೆ ಓಲಾಡುತ್ತದೆ.

ಡಿಸೆಂಬರ್ 21 ಕಳೆದು ಹಗಲು ದೊಡ್ಡದಾಗತೊಡಗಿದರೂ ಜನವರಿ ಮೂರನೆಯ ವಾರದವರೆಗೂ ಸೂರ್ಯೋದಯ ತಡವಾಗುತ್ತಲೇ ಹೋಗುವುದನ್ನು ಪಂಚಾಂಗದಲ್ಲಿ ಗಮನಿಸಿದ್ದೀರಾ? ಸಂಕ್ರಾಂತಿಯ ಬೆಳಿಗ್ಗೆ ಹಾಲು ಕರೆಯಲು ಎದ್ದವರಿಗೆ ಇದು ಗೊತ್ತು. ಹಗಲು ಎರಡೂ ತುದಿಯಲ್ಲಿ ಬೆಳೆಯುತ್ತಿರುತ್ತದೆ, ಆದರೆ ಅದರ ನಡುವೇ ದಿನಕ್ಕೆ ಅರ್ಧ ನಿಮಿಷದಂತೆ ಮುಂದಕ್ಕೆ ಜಾರುತ್ತಿರುತ್ತದೆ. ಬೆಳಗಿನ ತುದಿಗೆ ಸಿಕ್ಕಿದ್ದೆಲ್ಲ ಆ ಜಾರಿಕೆಯಲ್ಲಿ ಹೋಗುತ್ತದೆ, ಸಂಜೆಯ ತುದಿಗೆ ಎರಡೂ ಸೇರುತ್ತವೆ.

ಒಂದು ದಿನದ ಅಳತೆಗೆ ನಿಲ್ಲಿಸಬೇಡಿ. ಒಂದು ನೋಟ್ ಪುಸ್ತಕ ಇಟ್ಟು ಭಾನುವಾರಕ್ಕೊಮ್ಮೆ ಎರಡು ಸಂಗತಿ ಬರೆಯಿರಿ: ನೆರಳು ಗೆರೆಗೆ ಬಂದಾಗ ಎಷ್ಟು ಗಂಟೆ, ಆಗ ನೆರಳಿನ ಉದ್ದ ಎಷ್ಟು. ಇನ್ನೊಂದು ಕೆಲಸವನ್ನೂ ಮಾಡಬಹುದು. ಪ್ರತಿ ಭಾನುವಾರ ಮೊಬೈಲಿನಲ್ಲಿ ಸರಿಯಾಗಿ 12.30 ಆದಾಗ ಅಡಿಕೆಯ ನೆರಳಿನ ನಡುವಿಗೆ ಬಣ್ಣದ ಚುಕ್ಕೆ ಇಡುತ್ತಾ ಹೋಗಿ. ಚುಕ್ಕೆಗಳು ಗೆರೆಯ ಎಡಬಲಕ್ಕೆ ಬಾಗಿ, ಉದ್ದನೆಯ ಎಂಟರ ಅಂಕಿಯಾಗುತ್ತವೆ. ಮಾರ್ಚ್ 20 ಅಥವಾ 21ರ ನೆರಳನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಿಕೊಳ್ಳಬೇಡಿ. ಅಂದು ಹಗಲೂ ಇರುಳೂ ಸರಿಸಮ. ಅಂದಿನ ನಡುಹಗಲಿನ ನೆರಳಿಗೆ ಜ್ಯೋತಿಷದವರು ಪಲಭೆ ಎನ್ನುತ್ತಾರೆ. ನನ್ನ ಅಂಗಳದಲ್ಲಿ ಅದು 15.6 ಸೆಂಟಿಮೀಟರ್, ಅಂದರೆ ಮೂರು ಅಂಗುಲಕ್ಕೆ ತುಸು ಹೆಚ್ಚು. 15.6ನ್ನು 60ರಿಂದ ಭಾಗಿಸಿದರೆ 0.26; ಅದು 14.6 ಡಿಗ್ರಿಯ ಟ್ಯಾಂಜೆಂಟ್. ಶಿರಸಿಯ ಅಕ್ಷಾಂಶವೂ ಅಷ್ಟೇ. ಒಂದು ಅಡಿಕೆಯ ನೆರಳಿನಿಂದ ಭೂಮಿಯ ಮೇಲೆ ನಾನೆಲ್ಲಿದ್ದೇನೆ ಎಂದು ಗೊತ್ತಾದ ದಿನ ನಾನು ಆ ಗೆರೆಯ ಪಕ್ಕದಲ್ಲಿ ಬಹಳ ಹೊತ್ತು ಕುಳಿತಿದ್ದೆ. ಏಪ್ರಿಲ್ 29ರ ಹೊತ್ತಿಗೆ, 12 ಗಂಟೆ 28 ನಿಮಿಷಕ್ಕೆ, ಅಡಿಕೆಯ ನೆರಳು ಸರಳಿನ ಬುಡದಲ್ಲೇ ಅಡಗುತ್ತದೆ. ಮನೆಯ ಮಕ್ಕಳನ್ನೆಲ್ಲ ಕರೆದು ತೋರಿಸಿ.

ಜೂನ್ ಬಂತೆಂದರೆ ನಮ್ಮಲ್ಲಿ ಇದೆಲ್ಲ ಮುಗಿಯಿತು. ನಾಲ್ಕು ತಿಂಗಳು ಸೂರ್ಯನ ಸುಳಿವಿಲ್ಲ. ಹಿಂದಿನವರಿಗೆ ಮೋಡದಲ್ಲೂ ಇರುಳಲ್ಲೂ ಹೊತ್ತು ಬೇಕಿತ್ತು, ಅದಕ್ಕೆ ಗಳಿಗೆ ಬಟ್ಟಲು ಇತ್ತು: ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ನೀರು ತುಂಬಿ ಒಂದು ಗಳಿಗೆಗೆ, ಅಂದರೆ 24 ನಿಮಿಷಕ್ಕೆ, ಮುಳುಗಬೇಕು. ಹಗಲಿರುಳು ಸೇರಿ ಅರವತ್ತು ಸಲ.

ಬಾಯಿ ಹತ್ತು ಸೆಂಟಿಮೀಟರ್ ಇರುವ, ತಳ ದುಂಡಗಿರುವ ತಾಮ್ರದ ಬಟ್ಟಲು ತೆಗೆದುಕೊಳ್ಳಿ. ತೂತು ಒಂದು ಮಿಲಿಮೀಟರಿಗಿಂತ ಸಣ್ಣದಿರಲಿ, ತಳದ ನಟ್ಟನಡುವೆ ಇರಲಿ. ನನ್ನ ಮೊದಲ ಬಟ್ಟಲು ಒಂಬತ್ತು ನಿಮಿಷಕ್ಕೇ ಮುಳುಗಿತು. ದೊಡ್ಡದಾದ ತೂತನ್ನು ಚಿಕ್ಕದು ಮಾಡುವುದು ಕಷ್ಟ, ಚಿಕ್ಕದನ್ನು ಹಿಗ್ಗಿಸುವುದು ಸುಲಭ. ಆದ್ದರಿಂದ ಸೂಜಿಮೊನೆಯಷ್ಟರಿಂದ ಶುರುಮಾಡಿ, ಪ್ರತಿ ಸಲವೂ ಮೊಬೈಲಿನಲ್ಲಿ ಹೊತ್ತು ನೋಡುತ್ತಾ, ಸ್ವಲ್ಪಸ್ವಲ್ಪವೇ ಹಿಗ್ಗಿಸಿ. ಇಪ್ಪತ್ತೈದು ನಿಮಿಷದ ಹತ್ತಿರ ಬಂದ ಮೇಲೆ ತೂತನ್ನು ಮುಟ್ಟಬೇಡಿ. ಬಟ್ಟಲಿನ ಅಂಚಿಗೆ ತೆಳ್ಳನೆಯ ತಾಮ್ರದ ತಂತಿ ಸುತ್ತಿ. ಭಾರ ಹೆಚ್ಚಿದಷ್ಟೂ ನೀರು ಬೇಗ ಏರುತ್ತದೆ. ನಾನು ಎರಡು ಸುತ್ತು ಸುತ್ತಿದಾಗ 24ಕ್ಕೆ ಬಂತು.

ನೀರನ್ನು ಬಟ್ಟೆಯಲ್ಲಿ ಸೋಸಿ ಹಂಡೆಗೆ ತುಂಬಿ. ಒಂದು ಕಸ ಸಿಕ್ಕಿಕೊಂಡರೂ ಗಳಿಗೆ ಉದ್ದವಾಗುತ್ತದೆ. ಆಗತಾನೆ ಸೇದಿದ ಬಾವಿನೀರಿನಲ್ಲಿ ಬಟ್ಟಲು ತುಸು ನಿಧಾನವಾಗಿ ಮುಳುಗುತ್ತದೆ, ಏಕೆಂದರೆ ತಣ್ಣೀರು ಸಣ್ಣ ತೂತಿನಲ್ಲಿ ಸರಾಗವಾಗಿ ಹರಿಯುವುದಿಲ್ಲ. ಒಂದು ರಾತ್ರಿ ಒಳಗಿಟ್ಟ ನೀರನ್ನೇ ಬಳಸಿ. ಮೊದಲ ಇಪ್ಪತ್ತು ನಿಮಿಷ ಏನೂ ನಡೆಯುತ್ತಿಲ್ಲ ಎನ್ನಿಸುತ್ತದೆ, ತಳದಲ್ಲಿ ನೂಲಿನಷ್ಟು ಬುಗ್ಗೆ ಮಾತ್ರ. ಕೊನೆಗೆ ಅಂಚು ನೀರಿಗೆ ಸಮವಾಗಿ, ಒಂದು ಕ್ಷಣ ಅಲ್ಲಾಡದೆ ನಿಂತು, ಬುಳುಕ್ ಎಂದು ಒಳಗೆ ಹೋಗುತ್ತದೆ. ಮಳೆ ಸುರಿಯುವ ಇರುಳಲ್ಲೂ ಆ ಸದ್ದು ಪಕ್ಕದ ಕೋಣೆಗೆ ಕೇಳುತ್ತದೆ.

ಕೆಲಸ ಮುಗಿದ ಮೇಲೆ ಬಟ್ಟಲನ್ನು ಒರೆಸಿ ಬೋರಲು ಹಾಕಿ ಇಡಿ. ಮಳೆಗಾಲದಲ್ಲಿ ತೂತಿನ ಸುತ್ತ ಕಿಲುಬು ಹಿಡಿಯುತ್ತದೆ. ಹುಣಸೆಹಣ್ಣು ಹಚ್ಚಿ ಬೆರಳಿನಿಂದ ತಿಕ್ಕಿ ತೊಳೆಯಿರಿ, ತೂತಿನೊಳಗೆ ಸೂಜಿ ಆಡಿಸಬೇಡಿ. ತೊಳೆದ ಪ್ರತಿ ಸಲವೂ ಒಮ್ಮೆ ಮುಳುಗಿಸಿ ನಿಮಿಷ ನೋಡಿ, ನೆರಳಿನ ಪುಸ್ತಕದಲ್ಲೇ ಬರೆದಿಡಿ.