ಫ್ಲೈಟ್ ಸಿಮ್ಯುಲೇಟರ್‌ಗೆ ನಾನು ಮೊದಲು ಬದಲಿಸಿದ್ದು ಪ್ರೊಸೆಸರ್

ಫ್ಲೈಟ್ ಸಿಮ್ಯುಲೇಟರ್‌ಗೆ ಅಂತ ಪಿಸಿ ಕೇಳಲು ಹೋದರೆ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: "ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ ಸಾರ್, ಎಲ್ಲಾ ಸರಿಯಾಗ್ತದೆ." ಬೇರೆ ಗೇಮ್‌ಗಳಿಗೆ ಅದು ಸರಿಯಾದ ಮಾತೇ. ಆದರೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ 737, ಎ320 ಥರದ ದೊಡ್ಡ ವಿಮಾನ ಹಾರಿಸುವವರಿಗೆ ಅದು ಅರ್ಧ ಸತ್ಯ ಅಷ್ಟೇ. ಉಡುಪಿಯ ನಮ್ಮ ಮನೆಯಲ್ಲಿ ಇದ್ದ ಹಳೇ ಪಿಸಿಯನ್ನೇ ನಾನು ಇದಕ್ಕೆ ಹೇಗೆ ತಯಾರು ಮಾಡಿಕೊಂಡೆ ಅಂತ ಹೇಳ್ತೇನೆ.

ನನ್ನಲ್ಲಿ ಇದ್ದದ್ದು ಎಎಂಡಿಯ ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ್ಯಾಮ್, ಆರ್‌ಟಿಎಕ್ಸ್ 3060ರ 12 ಜಿಬಿ ಗ್ರಾಫಿಕ್ಸ್ ಕಾರ್ಡ್. ಸಣ್ಣ ಸೆಸ್ನಾ ತೆಗೆದುಕೊಂಡು ಮಲ್ಪೆ ಕಡಲ ಮೇಲೆ ಸುತ್ತು ಹಾಕಿದರೆ ಏನೂ ತೊಂದರೆ ಇರಲಿಲ್ಲ. 737ರಲ್ಲಿ ಮುಂಬೈಗೆ ಇಳಿಯುವಾಗ ಮಾತ್ರ ಚಿತ್ರ ತಡವರಿಸುತ್ತಿತ್ತು, ಅದೂ ರನ್‌ವೇ ಹತ್ತಿರ ಬಂದು ಮೂಗು ಮೇಲೆತ್ತುವ ಹೊತ್ತಿಗೇ. ಮಂಗಳೂರಿನ ಬಜಪೆ ಏರ್‌ಪೋರ್ಟ್‌ನಲ್ಲಿ ಇಳಿಯುವವರಿಗೆ ಇದು ಇನ್ನೂ ಮುಖ್ಯ. ಅದು ಗುಡ್ಡದ ನೆತ್ತಿ ಕಡಿದು ಮಾಡಿದ ಟೇಬಲ್‌ಟಾಪ್, ರನ್‌ವೇ 2450 ಮೀಟರ್, ಅದರಾಚೆ ನೆಲ ಇಳಿಯುತ್ತಾ ಹೋಗುತ್ತದೆ. ಆ ಕ್ಷಣದಲ್ಲಿ ಚಿತ್ರ ನಿಂತು ನಿಂತು ಬಂದರೆ ಎತ್ತರದ ಅಂದಾಜೇ ಸಿಗುವುದಿಲ್ಲ.

ದುಡ್ಡು ಖರ್ಚು ಮಾಡುವ ಮೊದಲು ಅಡ್ಡಿ ಎಲ್ಲಿದೆ ಅಂತ ನೋಡಿದೆ. ಇದಕ್ಕೆ ಸಿಮ್ಯುಲೇಟರ್‌ನಲ್ಲೇ ದಾರಿ ಉಂಟು. ಸೆಟ್ಟಿಂಗ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಮೇಲೆ ಒಂದು ಮೆನು ಬರುತ್ತದೆ, ಅದರಿಂದ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಬರುತ್ತದೆ ಅನ್ನುವುದು) ತೋರಿಸುವ ಪೆಟ್ಟಿಗೆ ತೆರೆಯಬಹುದು. ಎಷ್ಟು ಫ್ರೇಮ್ ಬರುತ್ತಿದೆ ಅನ್ನುವುದರ ಜೊತೆಗೆ ಯಾವುದು ತಡೆಯುತ್ತಿದೆ ಅಂತಲೂ ಅಲ್ಲೇ ಬರೆದಿರುತ್ತದೆ. ಮುಂಬೈಯಲ್ಲಿ ನನಗೆ ಕಂಡದ್ದು "ಲಿಮಿಟೆಡ್ ಬೈ ಮೈನ್‌ಥ್ರೆಡ್", ಅಂದರೆ ತಡೆ ಇರುವುದು ಪ್ರೊಸೆಸರ್‌ನಲ್ಲಿ. ಖಾತ್ರಿಗೆ ರೆಂಡರ್ ಸ್ಕೇಲಿಂಗ್ (ಕಾರ್ಡ್ ಚಿತ್ರ ಬಿಡಿಸುವ ರೆಸಲ್ಯೂಶನ್) 100ರಿಂದ 70ಕ್ಕೆ ಇಳಿಸಿದೆ. ಚಿತ್ರ ಮಸುಕಾಯಿತು, ಫ್ರೇಮ್ ಮಾತ್ರ ಇದ್ದಲ್ಲೇ ಇತ್ತು. ಅಂದರೆ ಕಾರ್ಡ್ ಸುಮ್ನೆ ಕಾಯುತ್ತಾ ಕೂತಿದೆ ಅಂತ ಅರ್ಥ. ಇನ್ನೂ ದೊಡ್ಡ ಕಾರ್ಡ್ ತಂದಿದ್ದರೆ ಅದೂ ಕಾಯುತ್ತಿತ್ತು.

ಮೈನ್ ಥ್ರೆಡ್ ಅಂದರೆ ಪ್ರೊಸೆಸರ್‌ನ ಒಂದೇ ಕೋರ್ (ಲೆಕ್ಕ ಮಾಡುವ ಭಾಗ) ಮೇಲೆ ಬೀಳುವ ಕೆಲಸ. ಪ್ರೊಸೆಸರ್‌ನಲ್ಲಿ ಎಷ್ಟೇ ಕೋರ್ ಇರಲಿ, ಯಕ್ಷಗಾನದಲ್ಲಿ ಭಾಗವತರು ಪದ ಎತ್ತದೆ ವೇಷಧಾರಿಗಳು ಕುಣಿಯುವಂತಿಲ್ಲ ಅಲ್ವಾ, ಹಾಗೆ ಉಳಿದದ್ದೆಲ್ಲ ಅದಕ್ಕೆ ಕಾಯಬೇಕು. ಹಾಗಾಗಿ ಕೋರ್‌ಗಳ ಸಂಖ್ಯೆಗಿಂತ ಆ ಒಂದು ಕೋರ್ ಎಷ್ಟು ಬೇಗ ಕೆಲಸ ಮುಗಿಸುತ್ತದೆ ಅನ್ನುವುದೇ ಮುಖ್ಯ. ಇಲ್ಲಿ ಕ್ಯಾಶೆ, ಅಂದರೆ ಪ್ರೊಸೆಸರ್ ಒಳಗಿನ ಸಣ್ಣ ವೇಗದ ಮೆಮೊರಿ, ತುಂಬಾ ಸಹಾಯ ಮಾಡುತ್ತದೆ. ಬೇಕಾದ ಮಾಹಿತಿ ಪ್ರೊಸೆಸರ್ ಒಳಗೇ ಸಿಕ್ಕಿದರೆ ಪದೇ ಪದೇ ರ್ಯಾಮ್ ತನಕ ಹೋಗುವ ಕೆಲಸ ತಪ್ಪುತ್ತದೆ. ನನ್ನ 3600ರಲ್ಲಿ ಎಲ್3 ಕ್ಯಾಶೆ 32 ಎಂಬಿ. ಎಎಂಡಿಯವರ ಎಕ್ಸ್3ಡಿ ಸಾಲಿನಲ್ಲಿ ಚಿಪ್‌ಗೆ ಇನ್ನೊಂದು ಪದರ ಕ್ಯಾಶೆ ಸೇರಿಸುತ್ತಾರೆ, 5700ಎಕ್ಸ್3ಡಿಯಲ್ಲಿ ಅದು 96 ಎಂಬಿ. ನಾನು ತರಿಸಿದ್ದು ಇದನ್ನೇ. ಇದು ಬೋರ್ಡಿನಲ್ಲಿದ್ದ ಹಳೇ ಎಎಂ4 ಸಾಕೆಟ್‌ಗೇ (ಪ್ರೊಸೆಸರ್ ಕೂರುವ ಜಾಗ) ಕೂರುವುದರಿಂದ ಬೋರ್ಡ್, ರ್ಯಾಮ್ ಯಾವುದನ್ನೂ ಎಸೆಯಬೇಕಾಗಿ ಬರಲಿಲ್ಲ.

ಬದಲಿಸುವಾಗ ಎರಡು ಕಡೆ ಜಾಗ್ರತೆ ಬೇಕು. ಒಂದು ಬಯಾಸ್, ಅಂದರೆ ಪಿಸಿ ಆನ್ ಆದ ಕೂಡಲೇ ಓಡುವ ಬೋರ್ಡಿನ ಸಾಫ್ಟ್‌ವೇರ್. ಹಳೇ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ ಮುಗಿಸಬೇಕು, ಇಲ್ಲದಿದ್ದರೆ ಹೊಸದನ್ನು ಬೋರ್ಡ್ ಗುರುತಿಸದೇ ಇರಬಹುದು. ನಡುವೆ ಕರೆಂಟ್ ಹೋದರೆ ಬೋರ್ಡೇ ಹಾಳಾಗುವ ಸಾಧ್ಯತೆ ಉಂಟು. ನಮ್ಮಲ್ಲಿ ಮಧ್ಯಾಹ್ನ ಮೇಲೆ ಗುಡುಗು ಶುರುವಾಗುವ ಕಾಲ, ಹಾಗಾಗಿ ಬೆಳಿಗ್ಗೆಯೇ, ಯುಪಿಎಸ್‌ಗೆ ಹಾಕಿ ಮಾಡಿದೆ.

ಇನ್ನೊಂದು ಕೂಲರ್ ತೆಗೆಯುವುದು. ಎಎಂ4ರಲ್ಲಿ ಪಿನ್ ಇರುವುದು ಪ್ರೊಸೆಸರ್‌ಗೇ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿದ್ದರೆ ಕೂಲರ್ ಎಳೆಯುವಾಗ ಅದರ ಜೊತೆ ಪ್ರೊಸೆಸರ್ ಕೂಡ ಕಿತ್ತು ಬಂದು ಪಿನ್ ಬಗ್ಗಬಹುದು. ಅಕ್ಕನ ಮಗ ಪಕ್ಕದಲ್ಲೇ ನಿಂತಿದ್ದ. "ಮಾವ, ಮೇಲೆ ಎಳೀಬೇಡಿ, ಸ್ವಲ್ಪ ಓಡಿಸಿ ಬಿಸಿ ಮಾಡಿ, ಆಮೇಲೆ ತಿರುಗಿಸಿ" ಅಂದ. ಹಾಗೇ ಮಾಡಿದೆವು. ಪಿಸಿಯನ್ನು ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ವೈರ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿದಾಗ ಪೇಸ್ಟ್ ಬಿಟ್ಟುಕೊಂಡಿತು. ಹೊಸ ಪ್ರೊಸೆಸರ್ ಜೊತೆ ಕೂಲರ್ ಬರುವುದಿಲ್ಲ, ಬೇರೆ ಟವರ್ ಕೂಲರ್ ತರಿಸಿದ್ದೆ. ಇಲ್ಲಿನ ಸೆಕೆಗೆ ಅದು ಬೇಕೇ ಬೇಕು.

ಮೊದಲು ಮುಂಬೈಯಲ್ಲಿ 20ರ ಹತ್ತಿರ ಬೀಳುತ್ತಿದ್ದ ಫ್ರೇಮ್ ಈಗ 30ಕ್ಕಿಂತ ಕೆಳಗೆ ಹೋಗುವುದು ಅಪರೂಪ. ನಾನು 30ಕ್ಕೇ ಲಾಕ್ ಮಾಡಿಟ್ಟಿದ್ದೇನೆ. ಒಮ್ಮೆ 55, ಒಮ್ಮೆ 28 ಅಂತ ಕುಣಿಯುವುದಕ್ಕಿಂತ ಒಂದೇ ಸಮ 30 ಇದ್ದರೆ ಪ್ರಯಾಣಿಕ ವಿಮಾನ ಇಳಿಸಲು ಎಷ್ಟೋ ಸುಲಭ. ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲದ ವಿವರ ಎಷ್ಟು ಕಾಣಬೇಕು ಅನ್ನುವ ಸೆಟ್ಟಿಂಗ್) ಜಾಸ್ತಿ ಮಾಡಿದರೆ ಪ್ರೊಸೆಸರ್‌ಗೆ ಹೊರೆ. ಮೋಡದ ಗುಣಮಟ್ಟ ಏರಿಸಿದರೆ ಕಾರ್ಡ್‌ಗೆ. ಇಷ್ಟು ಗೊತ್ತಿದ್ದರೆ ಯಾವುದನ್ನು ಇಳಿಸಬೇಕು ಅಂತ ತಡಕಾಡಬೇಕಿಲ್ಲ.

ರ್ಯಾಮ್ 32 ಜಿಬಿಗೆ ಏರಿಸಿದೆ, ಸಿಮ್ಯುಲೇಟರ್‌ನ 2024ರ ಆವೃತ್ತಿಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡುವುದೂ ಅಷ್ಟೇ. 16ರ ಎರಡು ಸ್ಟಿಕ್ ಹಾಕಿ, ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವ ಸೆಟ್ಟಿಂಗ್) ಆನ್ ಮಾಡಿ. ಕಾರ್ಡ್ ಹಳೆಯದೇ ಇದೆ. ಹೊಸದು ಕೊಳ್ಳುವವರು ಹೆಸರಿನ ಸಂಖ್ಯೆ ನೋಡಿ ಮರುಳಾಗದೆ ವಿ-ರ್ಯಾಮ್ (ಕಾರ್ಡ್‌ನದ್ದೇ ಮೆಮೊರಿ) ಎಷ್ಟು ಅಂತ ಕೇಳಿ. ಆರ್‌ಟಿಎಕ್ಸ್ 4060 ನನ್ನ 3060ಗಿಂತ ಹೊಸದು, ವೇಗವೂ ಜಾಸ್ತಿ, ಆದರೆ ಅದರಲ್ಲಿರುವುದು 8 ಜಿಬಿ. ದೊಡ್ಡ ವಿಮಾನ, ದೊಡ್ಡ ಏರ್‌ಪೋರ್ಟ್ ಒಟ್ಟಿಗೆ ಬಂದು ಅದು ತುಂಬಿಹೋದರೆ ಮತ್ತೆ ಅದೇ ತಡವರಿಕೆ. ಪೂರ್ತಿ ಹೊಸ ಪಿಸಿ ಕಟ್ಟಿಸುವುದಾದರೆ ಎಎಂ4ರ ನಂತರದ ಎಎಂ5 ಸಾಕೆಟ್‌ನ ಬೋರ್ಡ್ ಮೇಲೆ 7800ಎಕ್ಸ್3ಡಿ ಪ್ರೊಸೆಸರ್ ಹಾಕಿಸಿ, ಉಳಿದ ದುಡ್ಡಿಗೆ ಸಿಗುವ ಕಾರ್ಡ್ ತೆಗೆದುಕೊಳ್ಳಿ.

ಕರಾವಳಿಯವರು ಕರೆಂಟಿನ ಬಗ್ಗೆಯೂ ಯೋಚಿಸಬೇಕು. ಮನೆಯ ಇನ್ವರ್ಟರ್‌ಗೆ ಪಿಸಿ ಜೋಡಿಸಿದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ. ನಾರ್ಮಲ್ ಮೋಡ್‌ನಲ್ಲಿದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ಬರುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿಬಿಡಬಹುದು, ಎರಡು ಗಂಟೆ ಹಾರಿಸಿದ್ದು ಹೋಯಿತು. ಸಿಡಿಲು ಹತ್ತಿರ ಕೇಳಿದರೆ ಪ್ಲಗ್ ಕೀಳುವುದೇ ಸರಿ, ರೂಟರ್‌ನಿಂದ ಬರುವ ಲ್ಯಾನ್ ಕೇಬಲನ್ನೂ ಸೇರಿಸಿ. ಜೋರು ಮಳೆಯ ಆಟಿ ತಿಂಗಳಲ್ಲಿ ಹಾರಿಸಲು ಪುರುಸೊತ್ತಿಲ್ಲದಿದ್ದರೂ ವಾರಕ್ಕೆ ಒಂದೆರಡು ಸಲ ಪಿಸಿ ಆನ್ ಮಾಡಿ ಬಿಸಿಯಾಗಲು ಬಿಡುತ್ತೇನೆ, ತೇವ ಒಳಗೆ ಕೂರಬಾರದು ಅಂತ.

ಇದೇ ಕಾರಣಕ್ಕೆ ಜಾಯ್‌ಸ್ಟಿಕ್ ಕೂಡ ಹಾಲ್ ಸೆನ್ಸರ್ ಇರುವುದನ್ನೇ ಆರಿಸಿದೆ, ಥ್ರಸ್ಟ್‌ಮಾಸ್ಟರ್ ಟಿ.16000ಎಂ. ಅಗ್ಗದ ಜಾಯ್‌ಸ್ಟಿಕ್‌ಗಳ ಒಳಗಿರುವ ಪೊಟೆನ್ಶಿಯೋಮೀಟರ್ ಉಜ್ಜಿಕೊಂಡು ತಿರುಗುವಂಥದ್ದು, ಧೂಳು ತೇವ ಸೇರಿದರೆ ಕೈ ಬಿಟ್ಟರೂ ವಿಮಾನ ಒಂದು ಕಡೆಗೆ ವಾಲಲು ಶುರುವಾಗುತ್ತದೆ. ಹಾಲ್ ಸೆನ್ಸರ್ ಅಯಸ್ಕಾಂತದಿಂದ ಅಳೆಯುತ್ತದೆ, ಅಲ್ಲಿ ಉಜ್ಜುವ ಭಾಗವೇ ಇಲ್ಲ.