ಮಳೆ ಬರುವ ದಿನವೇ ಪ್ಯಾಂಥಿಯನ್‌ಗೆ ಹೋಗಿ

ಇಟಲಿಗೆ ಓದಲು ಬಂದ ಮೇಲೆ ಊರಿಂದ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ, ಕೊಲೋಸಿಯಂ ನೋಡಿದೆಯಾ ಅಂತ. ನೋಡಿದೆ, ಚೆನ್ನಾಗಿದೆ. ಆದರೆ ಸಿವಿಲ್ ಓದಿದವಳಿಗೆ ರೋಮ್ ಅಂದರೆ ಪ್ಯಾಂಥಿಯನ್, ದೊಡ್ಡ ಗುಮ್ಮಟದ ಹಳೇ ರೋಮನ್ ದೇವಾಲಯ.

ಮಿಲಾನ್‌ನಿಂದ ರಾತ್ರಿ ಬಸ್ಸು ಹಿಡಿದೆ. ಫಾಸ್ಟ್ ಟ್ರೇನ್ ಮೂರು ಗಂಟೆ ಚಿಲ್ಲರೆಯಲ್ಲಿ ತಲುಪಿಸುತ್ತದೆ, ಆದರೆ ಕೊನೆ ಗಳಿಗೆಯಲ್ಲಿ ಬುಕ್ ಮಾಡಿದರೆ ತಿಂಗಳ ಖರ್ಚಿಗೇ ಕೈ ಹಾಕಬೇಕು. ಟರ್ಮಿನಿ ಸ್ಟೇಷನ್ನಿನಲ್ಲಿ 64ನೇ ನಂಬರ್ ಬಸ್ ಹತ್ತಿ ಲಾರ್ಗೊ ಅರ್ಜೆಂಟೀನಾದಲ್ಲಿ ಇಳಿದರೆ ಅಲ್ಲಿಂದ ಸ್ವಲ್ಪವೇ ನಡಿಗೆ. ಮೊದಲು ಒಳಗೆ ಹೋಗಲು ದುಡ್ಡೇ ಇರಲಿಲ್ಲವಂತೆ, 2023ರ ಜುಲೈನಿಂದ ಟಿಕೆಟ್ ಇಟ್ಟಿದ್ದಾರೆ. ನಾನು ಕೊಟ್ಟಿದ್ದು 5 ಯೂರೋ. 2 ಯೂರೋ ರಿಯಾಯಿತಿ ಇರುವುದು 18ರಿಂದ 25 ವರ್ಷದ ಯುರೋಪಿಯನ್ ಒಕ್ಕೂಟದವರಿಗೆ, ಇಲ್ಲಿ ಓದುತ್ತಿದ್ದೇವೆ ಅಂದ ಮಾತ್ರಕ್ಕೆ ನಮಗೆ ಸಿಗಲ್ಲ. ಕ್ರಿ.ಶ. 609ರಿಂದ ಇದು ಚರ್ಚ್ ಆಗಿದೆ, ಭುಜ ಮುಚ್ಚುವ ಬಟ್ಟೆ ಇರಲಿ. ಚರ್ಚ್ ಆಗಿದ್ದರಿಂದಲೇ ಇಷ್ಟು ಗಟ್ಟಿಯಾಗಿ ಉಳಿದಿದೆ ಅನ್ನಿ.

ಎಲ್ಲರೂ ಒಳಗೆ ಕಾಲಿಟ್ಟ ತಕ್ಷಣ ಕತ್ತೆತ್ತಿ ಮೊಬೈಲ್ ಎತ್ತುತ್ತಾರೆ. ನೀವು ಮೊದಲು ನೆಲ ನೋಡಿ. ಗುಮ್ಮಟದ ನೆತ್ತಿಯಲ್ಲಿ ಎಂಟೊಂಬತ್ತು ಮೀಟರ್ ಅಗಲದ ಕಂಡಿ ಇದೆ, ಅದಕ್ಕೆ ಗಾಜಿಲ್ಲ, ಮುಚ್ಚಳವಿಲ್ಲ. ಅದರಿಂದ ಮಳೆ ಒಳಗೆ ಬೀಳುವುದೇ ಇಲ್ಲ ಅಂತ ಕತೆ ಕಟ್ಟುವವರಿದ್ದಾರೆ, ಸುಮ್ನೆ ನಂಬಬೇಡಿ. ನಾನಿದ್ದಾಗ ಸಣ್ಣಗೆ ಹನಿಯುತ್ತಿತ್ತು. ಹಗ್ಗ ಕಟ್ಟಿದ ಜಾಗದೊಳಗೆ ಅಮೃತಶಿಲೆ ಮೇಲೆ ಹನಿ ಚೆದುರಿ, ನೆಲ ನಡುವೆ ಚೂರು ಉಬ್ಬಿರುವುದರಿಂದ ನೀರು ಪಕ್ಕಕ್ಕೆ ಜಾರಿ, ಕಲ್ಲಿನಲ್ಲೇ ಕೊರೆದ ಪುಟ್ಟ ತೂತುಗಳಲ್ಲಿ ಇಳಿದುಹೋಗುತ್ತಿತ್ತು. ಎಷ್ಟು ಹೊತ್ತು ಅದನ್ನೇ ನೋಡುತ್ತಾ ನಿಂತೆನೋ.

ಆಮೇಲೆ ಮೇಲೆ ನೋಡಿದೆ. 43.3 ಮೀಟರ್ ವ್ಯಾಸ, ನೆಲದಿಂದ ಕಂಡಿಯವರೆಗೂ ಅಷ್ಟೇ ಎತ್ತರ. ಒಂದು ಕಂಬಿಯೂ ಇಲ್ಲದ ಕಾಂಕ್ರೀಟ್! ರೋಮನ್ ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಸುಮಾರು ಕ್ರಿ.ಶ. 125ರ ಹೊತ್ತಿಗೆ ಮುಗಿದದ್ದು, ಕಂಬಿಯಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ದೊಡ್ಡದು. ಗುಟ್ಟು ಇರುವುದು ಜಲ್ಲಿಯಲ್ಲಿ. ಕೆಳಗೆ ಭಾರದ ಕಲ್ಲು, ಮೇಲೆ ಹೋದಂತೆ ಹಗುರ, ನೆತ್ತಿಯ ಹತ್ತಿರ ನೀರಲ್ಲಿ ತೇಲುವ ಪ್ಯೂಮಿಸ್ ಅನ್ನುವ ಜ್ವಾಲಾಮುಖಿ ಕಲ್ಲು. ದಪ್ಪವೂ ಬುಡದಲ್ಲಿ ಆರು ಮೀಟರ್ ಇದ್ದದ್ದು ಕಂಡಿಯ ಬಳಿ ಒಂದೂಕಾಲಕ್ಕೆ ಇಳಿಯುತ್ತದೆ. ಒಳಮೈಯಲ್ಲಿ ಸಾಲಿಗೆ 28ರಂತೆ ಐದು ಸಾಲು ಚೌಕ ಗೂಡುಗಳು. ಅದಕ್ಕೆಲ್ಲ ಸೆಂಟ್ರಿಂಗ್ ಹೊಡೆದವರನ್ನು ನೆನೆದರೇ ಮೈ ಜುಮ್ಮೆನ್ನುತ್ತದೆ.

ನಮ್ಮ ಗೋಲಗುಮ್ಮಟ ದೊಡ್ಡದಾ ಇದಾ ಅಂತ ವಿಜಯಪುರದ ರೂಮ್‌ಮೇಟ್ ಜಗಳಕ್ಕೇ ಬಂದಳು. ಒಳಗಿನ ವ್ಯಾಸ ಅಳೆದರೆ ಅದು ಸುಮಾರು 38 ಮೀಟರ್, ಇದೇ ಜಾಸ್ತಿ. ಆದರೆ ಅದನ್ನು ಹೊತ್ತಿರುವುದು ಒಂದಕ್ಕೊಂದು ಹೆಣೆದ ಕಮಾನುಗಳು, ಲೆಕ್ಕಾಚಾರವೇ ಬೇರೆ. ಅಲ್ಲಿ ಕೂಗಿ ಪ್ರತಿಧ್ವನಿ ಕೇಳಬಹುದು, ಇಲ್ಲಿ ಸ್ವಲ್ಪ ಗದ್ದಲವಾದರೂ ಸ್ಪೀಕರ್‌ನಲ್ಲಿ ಸುಮ್ಮನಿರಿ ಅನ್ನುತ್ತಾರೆ.

ಹೊರಗೆ ಬಂದ ಮೇಲೆ ಕಾಫಿ ಬೇಕಾದರೆ ಚೌಕದ ಮೇಜುಗಳಲ್ಲಿ ಕೂರಬೇಡಿ, ಪಕ್ಕದ ಗಲ್ಲಿಯ ಬಾರ್‌ನಲ್ಲಿ (ಇಲ್ಲಿ ಕಾಫಿ ಅಂಗಡಿಗೇ ಬಾರ್ ಅನ್ನುತ್ತಾರೆ) ನಿಂತು ಕುಡಿದರೆ ಅಗ್ಗ. ಬಾಟಲಿ ಜೊತೆಗಿರಲಿ, ರೋಮ್‌ನ ಬೀದಿ ನಲ್ಲಿಗಳಲ್ಲಿ ಕುಡಿಯುವ ನೀರು ಪುಕ್ಕಟೆ.