ಎರಡು ರೂಪಾಯಿಗೆ ಹನ್ನೊಂದು ದಿನ

ಬಳ್ಳಾರಿಯಲ್ಲಿ ನನ್ನದು ಹನ್ನೆರಡು ಮಷಿನ್‌ಗಳ ಸಣ್ಣ ಜೀನ್ಸ್ ಯೂನಿಟ್. "ಬಟ್ಟೆ ಆರಿಸೋಕೂ ಗಡಿಯಾರ ಬೇಕೇನೋ ಅಳಿಯಾ" ಅಂತ ನಗುತ್ತಿದ್ದ ನಮ್ಮ ಮಾವ, ಹೋದ ತಿಂಗಳು ಬಟ್ಟೆ ಆರಿಸೋಕೆ ಎಷ್ಟು ದಿನ ಕಳೆಯಬಹುದು ಅನ್ನೋ ನನ್ನ ಲೆಕ್ಕವನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ದೀಪಾವಳಿ ಆರ್ಡರ್‌ಗೆ ಎರಡು ಸಾವಿರ ಮೀಟರ್ ಡೆನಿಮ್ ಬೇಕಿತ್ತು. ಇಬ್ಬರು ಬಟ್ಟೆ ವ್ಯಾಪಾರಿಗಳ ರೇಟಿಗೂ ಮೀಟರಿಗೆ ಎರಡೇ ರೂಪಾಯಿ ವ್ಯತ್ಯಾಸ. ಇನ್ನೊಬ್ಬರನ್ನು ಕೇಳೋಣ, ಮತ್ತೊಬ್ಬರನ್ನು ಕೇಳೋಣ ಅಂತ ಹನ್ನೊಂದು ದಿನ ಓಡಾಡಿದೆ. ಉಳಿಯುತ್ತಿದ್ದದ್ದು ನಾಲ್ಕು ಸಾವಿರ. ಇತ್ತ ಬಾಡಿಗೆ, ಕರೆಂಟ್ ಬಿಲ್ಲು, ಬಿಟ್ಟು ಹೋಗದಿರಲಿ ಅಂತ ಟೈಲರ್‌ಗಳಿಗೆ ಕೊಟ್ಟ ಕಾಸು ಸೇರಿ ಸುಮ್ನೆ ಕೂತ ಮಷಿನ್‌ಗಳು ದಿನಕ್ಕೆ ಹೆಚ್ಚೂಕಡಿಮೆ ನಾಲ್ಕು ಸಾವಿರ ತಿನ್ನುತ್ತಿದ್ದವು. ಆರ್ಡರೂ ಕೈತಪ್ಪಿತು. ಒಟ್ಟು 85 ಸಾವಿರದ ಹತ್ತಿರ ಹೋಯಿತು.

ಆ ರಾತ್ರಿ ಹೊಳೆದ ಲೆಕ್ಕ ಇಷ್ಟೇ: ಉಳಿಯೋ ದುಡ್ಡನ್ನು ಒಂದು ದಿನದ ಖರ್ಚಿನಿಂದ ಭಾಗಿಸು. ಬಂದಷ್ಟು ದಿನವೇ ಗಡುವು. ನಾನು ಅದರಲ್ಲೂ ಅರ್ಧ ಮಾತ್ರ ತೆಗೆದುಕೊಳ್ಳುತ್ತೇನೆ.

ಹುಮ್ಮಸ್ಸಿನಲ್ಲಿ ಮುಂದಿನ ಲಾಟ್‌ನ ಬಟ್ಟೆ ಆಯ್ಕೆ ಅರ್ಧ ಗಂಟೆಯಲ್ಲಿ ಮುಗಿಸಿದೆ. ವಾಷಿಂಗ್‌ನಿಂದ ಬಂದ ಪ್ಯಾಂಟಿನ ಸೊಂಟಕ್ಕೆ ಟೇಪ್ ಹಿಡಿದರೆ 34 ಇಂಚು ಇದ್ದದ್ದು ಕುಗ್ಗಿ 32! ಆರುನೂರು ಪೀಸ್, ಒಂದಕ್ಕೆ ನೂರು ರೂಪಾಯಿ ಬಿಟ್ಟು ಕೊಟ್ಟೆ. ಅಂದಿನಿಂದ ಬಟನ್, ಝಿಪ್, ದಾರ ಎಲ್ಲ ಚಹಾ ಮುಗಿಯೋದರೊಳಗೆ ತೀರ್ಮಾನ. ತಪ್ಪಿದರೆ ವಾಪಸ್ ಕೊಡಬಹುದು ಅಲ್ವಾ? ಕತ್ತರಿ ಹಾಕಿದ ಬಟ್ಟೆಯನ್ನು ಯಾರು ವಾಪಸ್ ತಗೋತಾರೆ? ಅದಕ್ಕೆ ಒಂದು ರಾತ್ರಿ ಜಾಸ್ತಿ. ಎರಡು ಪ್ಯಾಂಟ್ ಹೊಲಿದು, ತೊಳೆಸಿ, ಬೆಳಿಗ್ಗೆ ಅಳೆದು ನೋಡಿದ ಮೇಲೆಯೇ ಕತ್ತರಿಸೋಕೆ ಬಟ್ಟೆಯನ್ನು ಪದರ ಪದರವಾಗಿ ಹಾಸೋದು.

ಇಂಜಿನಿಯರಿಂಗ್ ಓದುವ ತಂಗಿ ಮಗ ಇನ್ನೊಂದು ಹೇಳಿಕೊಟ್ಟ. ಒಂದಾದ ಮೇಲೊಂದು ನೋಡುತ್ತಾ ಹೋಗಬೇಕು, ಬಿಟ್ಟದ್ದು ಮತ್ತೆ ಸಿಗಲ್ಲ ಅನ್ನುವಾಗ ಮೊದಲ 37 ಪರ್ಸೆಂಟ್ ಬರೀ ನೋಡಿ ಬಿಡಬೇಕಂತೆ. ಆಮೇಲೆ ಅವೆಲ್ಲಕ್ಕಿಂತ ಚೆನ್ನಾಗಿರೋದು ಬಂದ ಕೂಡಲೇ ಹಿಡಿಯಬೇಕು. ಎಂಟು ಸ್ಯಾಂಪಲ್ ಇದ್ದರೆ ಮೂರು ಬಿಡೋದು. ಹಾಗೆ ಮಾಡಿದರೂ ಎಲ್ಲಕ್ಕಿಂತ ಒಳ್ಳೆಯದೇ ಸಿಗೋದು ನೂರಕ್ಕೆ ಸುಮಾರು 41 ಸಲ ಮಾತ್ರ ಅಂದ. ಸಾಕು ಬಿಡಪ್ಪ, ನನ್ನ ಕಣ್ಣಂದಾಜು ಅಷ್ಟೂ ಕೊಟ್ಟಿರಲಿಲ್ಲ. ಯಾವ ಮೂವರ ಸ್ಯಾಂಪಲ್ ಮೊದಲು ನೋಡಬೇಕು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ನಮ್ಮೂರಿನ ಕೌಲ್ ಬಜಾರಿನ ವ್ಯಾಪಾರಿಗಳೂ ಓದುತ್ತೀರಿ.

ಮನೆಯವಳ ಜೊತೆ ಸೀರೆ ಅಂಗಡಿಯಲ್ಲೂ ಇದನ್ನೇ ಪ್ರಯೋಗ ಮಾಡಿದೆ. ಮೂರನೇ ಸೀರೆಗೇ "ನೀವು ಹೊರಗೆ ಹೋಗಿ ಒಗ್ಗರಣೆ ಮಿರ್ಚಿ ತಿನ್ನಿ" ಅಂದಳು. ಹೋದೆ.

ಈ ಸಲದ ಲಾಟ್‌ಗೆ ಬಟ್ಟೆ ಆಯ್ಕೆ ಒಂದೂವರೆ ದಿನದಲ್ಲಿ ಮುಗಿಯಿತು. ಹಬ್ಬಕ್ಕೆ ವಾರ ಇರುವಾಗಲೇ ಸಾವಿರದ ನಾನೂರು ಪೀಸ್ ಹೊರಟವು. ಮರುದಿನ ಅದೇ ಬಟ್ಟೆ ಇನ್ನೊಂದು ಗೋಡೌನ್‌ನಲ್ಲಿ ಮೂರು ರೂಪಾಯಿ ಕಡಿಮೆಗೆ ಇತ್ತು. ನೋಡಿಯೂ ನೋಡದವನ ಹಾಗೆ ಬಂದೆ. ಹೊಟ್ಟೆ ಉರಿಯಲಿಲ್ಲ ಅಂತ ಹೇಳಲ್ಲ.